ಒಡದ ಬಶಿ ಮನಿ

ಪ್ಯಾರಿಸಿನ್ಯಾಗ ಮಗನ ಮನಿಗೆ ಹೋಗಿ ಇಪ್ಪತ್ತು ದಿವಸ ಆಗಿತ್ತು. ಐಫೆಲ್ ಟವರ್ ನೋಡಿದ್ದಾತು, ಫೋಟೋ ಹುಬ್ಬಳ್ಳಿ ತುಂಬ ಕಳಿಸಿದ್ದೂ ಆತು. ಸಪ್ಟೆಂಬರದ ಒಂದು ಶುಕ್ರವಾರ ಸಂಜಿಗೆ ಮಗಾ "ಅಮ್ಮಾ, ನಾಳೆ ಶಾರ್ತ್ರ್‌ಗೆ ಹೋಗೋಣು" ಅಂದ. "ಯಾವ ಶಾಸ್ತ್ರಪಾ?" ಅಂದೆ ನಾ. ನೋಡಿದ್ರ ಅದು ಊರಿನ ಹೆಸರಂತ!

ಮುಂಝಾನೆ ಚಪಾತಿ, ಶೇಂಗಾ ಹಿಂಡಿ ಕಟಗೊಂಡು ಮೊಂಪಾರ್ನಾಸ್ ಸ್ಟೇಷನ್ನಿನಾಗ ರೈಲು ಹತ್ತಿದ್ವಿ. ಒಂದು ತಾಸಿನ ಮ್ಯಾಲೆ ಸ್ವಲ್ಪ, ಅಷ್ಟ ದಾರಿ. ಬೋಸ್ ಅಂತಾರ ಆ ಬಯಲಿಗೆ, ಗೋದಿ ಸೀಮಿ. ಸುಗ್ಗಿ ಮುಗದು ಹೊಲ ಖಾಲಿ ಇದ್ವು. ನವಲಗುಂದದ ಕಡೆ ಬಸ್ಸಿನಾಗ ಹೊಂಟಂಗ ಆತು ನನಗ, ಮಣ್ಣಿನ ಬಣ್ಣ ಒಂದ ಬ್ಯಾರೆ. ಊರು ಕಾಣೋಕಿಂತ ಮೊದಲ ಅಲ್ಲಿ ದೊಡ್ಡ ಚರ್ಚಿನ ಎರಡು ಗೋಪುರ ಕಂಡ್ವು. ಒಂದು 113 ಮೀಟರ್, ಇನ್ನೊಂದು 105. ಸಣ್ಣದು 12ನೇ ಶತಮಾನದ್ದು. ದೊಡ್ಡದರ ತುದಿ ಸಿಡಿಲಿಗೆ ಸುಟ್ಟು, 16ನೇ ಶತಮಾನದಾಗ ಹೊಸದಾಗಿ ಕಟ್ಟ್ಯಾರ. ಜೋಡಿ ಅಂದಮ್ಯಾಲೆ ಸರಿಸಮ ಇರಬೇಕಂತೇನಿಲ್ಲಲಾ, ನಮ್ಮನ್ನ ನೋಡ್ರಿ, ನಾ ಇವರ ಭುಜಕ್ಕೂ ಬರಂಗಿಲ್ಲ.

ಚರ್ಚಿನ ಒಳಗ ಕತ್ತಲಿ. ಕಣ್ಣು ಹೊಂದಿಕೊಂಡ ಮ್ಯಾಲೆ ಕಿಟಕಿ ಗಾಜಿನ ನೀಲಿ ಬಣ್ಣ ಕಾಣಸ್ತು. ಏನಂತ ಹೇಳಲಿ ಆ ನೀಲಿಗೆ! ನನ್ನ ಮದವಿ ಇಳಕಲ್ ಸೀರಿನೂ ನೀಲಿನ, ಆದ್ರ ಅದರ ಹಿಂದ ದೀಪಾ ಹಚ್ಚಿದಂಗ ಇರಲಿಲ್ಲ. 1194ರಾಗ ಹಳೇ ಚರ್ಚು ಸುಟ್ಟ ಮ್ಯಾಲೆ ಕಟ್ಟಿದ್ದು ಇದು. 1939ರಾಗ ಯುದ್ಧ ಬಂತಂತ ಈ ಗಾಜೆಲ್ಲಾ ಇಳಿಸಿ, ಪೆಟ್ಟಿಗಿ ತುಂಬಿ, ದೂರ ಕಳಿಸಿದ್ರಂತ. ನಾವು ಮನಿ ಬದಲಿ ಮಾಡಬೇಕಾದ್ರ ಕಪ್ಪು-ಬಶಿ ಪೇಪರಿನಾಗ ಸುತ್ತಿದಂಗ. ನೆಲದ ಮ್ಯಾಲೆ ಚಕ್ರವ್ಯೂಹ ಅದ, ಆದ್ರ ಅದರ ಮ್ಯಾಲೆಲ್ಲ ಕುರ್ಚಿ ಹಾಕಿದ್ರು. ನಿನ್ನೆ, ಶುಕ್ರವಾರ, ಬಂದಿದ್ರ ತಗದಿರ್ತಿದ್ರಂತ. ನಮ್ಮ ನಸೀಬ.

ಕೆಳಗ ಅರ್ ಅನ್ನೋ ಸಣ್ಣ ಹೊಳಿ. ದಂಡಿಗೆ ಹಳೇ ಕಾಲದ ಅರಿವಿ ಒಗಿಯೋ ಮಾಡ ಇನ್ನೂ ಅವ. ಅಲ್ಲೆ ಕೂತು ಬುತ್ತಿ ಬಿಚ್ಚಿದ್ವಿ. ಥಂಡಿಗಾಲದಾಗ ಆ ನೀರಿನಾಗ ಕೈ ಅದ್ದಿದ ಹೆಣಮಕ್ಕಳ ಬೊಟ್ಟು ಏನಾಗಿರಬೇಕು!

ಮಧ್ಯಾಹ್ನ ಅರ್ಧಾ ತಾಸು ನಡಸಿಕೋತ ಇನ್ನೊಂದು ಮನಿಗೆ ಕರಕೊಂಡು ಹೋದ. ರೇಮಂಡ್ ಇಸಿದೋರ್ ಅಂತ ಒಬ್ಬಾಂವ, ಸ್ಮಶಾನದಾಗ ಕಸಾ ಹೊಡಿಯೋ ಕೆಲಸದಾಂವ. ಹೊಲದಾಗ ಬಿದ್ದ ಗಾಜು, ಪಿಂಗಾಣಿ ಚೂರು ಆರಿಸಿಕೊಂಡು ಬಂದು, 1938ರಿಂದ ತನ್ನ ಸಣ್ಣ ಮನಿಗೆ ಹಚ್ಚಕೋತ ಕೂತ. ಗ್ವಾಡಿಗೆ, ನೆಲಕ್ಕ, ಅಂಗಳಕ್ಕ, ಒಲಿಗೆ, ಮಂಚಕ್ಕ, ಕಡೀಕ ಹೆಂಡ್ತಿ ಹೊಲಿಗಿ ಮಷಿನ್ನಿಗೂ! ಮಂದಿ ಚ್ಯಾಷ್ಟಿಗೆ "ಪಿಕಾಸಿಯೆತ್" ಅಂದ್ರು. ಅಸಿಯೆತ್ ಅಂದ್ರ ತಾಟು. ಆ ಹೆಸರಿನಾಗ ಪಿಕಾಸೋನೂ ಇದ್ದಾನ, ಮಂದಿ ತಾಟಿಗೆ ಕೈ ಹಾಕಾಂವ ಅನ್ನೋ ಬೈಗಳನೂ ಅದ. 1964ರಾಗ ಸತ್ತ. 1981ರಾಗ ಊರಿನವ್ರ ಆ ಮನಿ ಕೊಂಡು ಇಟಗೊಂಡ್ರು.

ನಾ ಮಷಿನ್ ಮುಂದ ನಿಂತೆ. ಪಾಪ, ಹೆಂಡ್ತಿ ಆದ್ರಿಯೆನ್ ಇವಗಿಂತ 11 ವರ್ಷ ದೊಡ್ಡಾಕಿ, ಮೂರು ಮಕ್ಕಳ ವಿಧವಿ ಇದ್ದಾಕಿನ್ನ ಮಾಡಿಕೊಂಡಿದ್ದ. ಧೂಳಾ ಹೆಂಗ ಒರಸತಿದ್ಲೋ? ಅರಿವಿ ಸಿಗಬೀಳತಿರಬೇಕು. "ಇಂಥಾಂವನ ಕಟಗೊಂಡು ಬಾಳೇ ಮಾಡೋದಂದ್ರ!" ಅಂತ ನಗಕೋತ ಹಿಂದ ತಿರುಗಿದ್ರ, ನಮ್ಮನಿಯವ್ರು ನಗಲಿಲ್ಲ.

ಇಲ್ಲೆ ಒಂದು ಮಾತು ಹೇಳಬೇಕು. ಎರಡು ವರ್ಷದ ಹಿಂದ ನಾವು ಹಳೇ ಮನಿ ಬಿಟ್ಟು ಫ್ಲ್ಯಾಟಿಗೆ ಬಂದ್ವಿ. ಇವರದೊಂದು ಟ್ರಂಕು ಇತ್ತು. ಅದರಾಗ ರೇಡಿಯೋದ ತಿರುಪು, ನಿಂತ ಗಡಿಯಾರದ ಸ್ಪ್ರಿಂಗು, ಕೀಲಿ ಇಲ್ಲದ ಚಾವಿ, ಚಾವಿ ಇಲ್ಲದ ಕೀಲಿ, ನಮ್ಮ ಮಾವನವರ ಕನ್ನಡಕದ ಒಂದ ಗಾಜು. ಜಾಗಾ ಎಲ್ಲದ? ಇವರು ಬ್ಯಾಂಕಿಗೆ ಹೋದಾಗ ರದ್ದಿಯವಗ 180 ರೂಪಾಯಿಗೆ ಕೊಟ್ಟುಬಿಟ್ಟೆ. ಸಂಜಿಗೆ ಬಂದು "ಟ್ರಂಕ್ ಎಲ್ಲೆ?" ಅಂದ್ರು. ಹೇಳಿದೆ. "ಹೂಂ, ಛಲೋ ಆತು" ಅಂದ್ರು, ಅಷ್ಟ. ಅವತ್ತ ಅರ್ಧಾ ಭಕ್ಕರಿ ಉಂಡು ಎದ್ದ್ರು. ಬೈದಿದ್ರ ನಾನೂ ಬೈದು ಮುಗಸ್ತಿದ್ದೆ.

ಈಗ ಅವರು ಗ್ವಾಡಿಗೆ ಮಾರಿ ಹತ್ತಿರ ಒಯ್ದು ನೋಡ್ಲಿಕ್ಕತ್ತಿದ್ರು. ಬಟ್ಟಲದ ಹಿಡಿಕಿ, ಹೂವಿನ ಬಶಿ ಅಂಚು. ಒಂದೂ ಮುಟ್ಟಲಿಲ್ಲ. ಮಗಗ ಕೇಳಿದ್ರು, "ಆಕಿ ಒಗದು ಬಾ ಅನ್ನಲಿಲ್ಲೇನೋ?" ಅಂವ ಫೋನಿನಾಗ ಹುಡಿಕ್ಯಾಡಿ, "ಗೊತ್ತಿಲ್ಲಪ್ಪಾ" ಅಂದ.

ನನಗ ಗಂಟಲ ಬಿಗಿತು. ಆ ಕನ್ನಡಕದ ಗಾಜರೆ ತಗದಿಡಬಹುದಿತ್ತಲಾ. ಅಂಗಳದಾಗ ಬಂದು, "ಟ್ರಂಕ್ ಕೇಳದ ಕೊಟ್ಟದ್ದು ನಂದು ತಪ್ಪಾತು" ಅಂದೆ. "ಯಾವ ಟ್ರಂಕು?" ಅಂದ್ರು. ಆಮ್ಯಾಲೆ ಅವರ, "ಅದರಾಗ ಮುರ್ಫಿ ರೇಡಿಯೋದ ತಿರುಪೂ ಇತ್ತು" ಅಂದ್ರು.

ಸ್ಟೇಷನ್ನಿಗೆ ವಾಪಸ್ ನಡಕೋತ ಬರಬೇಕಾದ್ರ ರಸ್ತೆ ಬಾಜೂಕ ಮಣ್ಣಾಗ ಏನೋ ಹೊಳಿತು. ಇವರು ಬಗ್ಗಿ ಎತ್ತಿದ್ರು. ಬಟ್ಟಿನ ಉಗುರಿನಷ್ಟು ಪಿಂಗಾಣಿ ಚೂರು, ನೀಲಿ ಗೆರಿದು. ಒರಸಿದ್ರು, ನನ್ನ ಮಾರಿ ನೋಡಿದ್ರು, ಒಗೀಲಿಕ್ಕೆ ಕೈ ಎತ್ತಿದ್ರು.

ನಾ ಪರ್ಸಿನ ಬಾಯಿ ತಗದು ಹಿಡದೆ.