ಬಾಣಂತಿಯ ಹಾಲಿನ ಮೇಲೇಕೆ ದೂರು?

ಎಳೆಗೂಸಿನ ಕೆನ್ನೆ ಕೆಂಪಾದರೆ, ಮೈ ಒರಟಾದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ಬಾಣಂತಿ ಏನು ತಿಂದ್ಳು?" ಮಗುವಿನ ಮೈ ನೋಡುವ ಮುನ್ನವೇ ತಾಯಿಯ ತಟ್ಟೆಯ ಮೇಲೆ ಎಲ್ಲರ ಕಣ್ಣು! ಸೋದರಿಯರೇ, ಈ ಒಂದು ಮಾತಿನಿಂದ ನನ್ನ ಮಗಳು ಪಟ್ಟ ಪಾಡು ಇನ್ನೊಬ್ಬಳಿಗೆ ಬೇಡವೆಂದು ಈ ನಾಲ್ಕು ಸಾಲು ಬರೆಯುತ್ತಿದ್ದೇನೆ.

ನನ್ನ ಹಿರಿಮಗಳು ಹಡಗಲಿಯ ಸೊಸೆ. ಚೊಚ್ಚಲ ಬಾಣಂತನಕ್ಕೆ ಕೊಟ್ಟೂರಿಗೆ, ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆನ್ನೆ, ಹಣೆಯ ಮೇಲೆ ಕೆಂಪು ಮಚ್ಚೆಗಳೆದ್ದು ಕೈಕಾಲಿಗೂ ಹಬ್ಬಿದವು. ಸಂಕ್ರಾಂತಿ ಕಳೆದು ಒಣಗಾಳಿ ಬೀಸತೊಡಗಿದ ಮೇಲಂತೂ ಚರ್ಮ ಬಿರಿದು, ಕೂಸು ರಾತ್ರಿಯೆಲ್ಲಾ ಕೆನ್ನೆಯನ್ನು ಹಾಸಿಗೆಗೆ ಉಜ್ಜಿ ಅಳುತ್ತಿತ್ತು.

ಅಷ್ಟರಲ್ಲಿ ಕೊಟ್ಟೂರೇಶ್ವರನ ತೇರು ಬಂತು. ಮನೆ ತುಂಬಾ ನೆಂಟರು, ಬಾಯಿಗೊಂದು ಮದ್ದು. ಕೂಡ್ಲಿಗಿಯ ಚಿಗವ್ವ, "ನಮ್ಮ ಹೊಲದ ಸೇಂಗಾ ಎಣ್ಣಿ ತಿಕ್ಕವ್ವ" ಎಂದರು. ಹಗರಿಬೊಮ್ಮನಹಳ್ಳಿಯವರು ಬೇವಿನ ಸೊಪ್ಪು ಅರೆದು ಹಚ್ಚಲು ಹೇಳಿದರು. ಹರಪನಹಳ್ಳಿಯ ನಾದಿನಿ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬನ್ನೇ ಕೈಗಿತ್ತಳು. ಬೀಗಿತ್ತಿಯವರದು ಪಥ್ಯ: ಬದನೆ ಬೇಡ, ಬೇಳೆ ಬೇಡ, ಹಾಲು ಮೊಸರು ಬೇಡ, ಅನ್ನ, ತುಪ್ಪ, ಮೆಣಸಿನ ಸಾರು ಸಾಕು. ಹದಿನೈದೇ ದಿನದಲ್ಲಿ ಮಗಳ ಮುಖ ಸೊರಗಿತು. ಒಂದು ರಾತ್ರಿ ಕೂಸನ್ನು ಎದೆಯಿಂದ ಬಿಡಿಸಿ, "ನನ್ನ ಹಾಲೇ ಇದಕ್ಕ ವಿಷ ಆಗೈತೇನವ್ವಾ? ಬಾಟ್ಲಿ ಹಾಲು ಹಿಡಿಸಿಬಿಡ್ಲಾ?" ಎಂದಳು. ನನ್ನ ಕರುಳು ಕಿವುಚಿದಂತಾಯಿತು.

ಮರುದಿನವೇ ಆ ಟ್ಯೂಬನ್ನೂ ಚೀಲದಲ್ಲಿಟ್ಟುಕೊಂಡು ತಾಯಿ ಮಗುವನ್ನು ದಾವಣಗೆರೆಯ ಚರ್ಮದ ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಸಮಾಧಾನವಾಗಿ ತಿಳಿಸಿದರು: ಇದು ಇಸುಬು, ಎಕ್ಜಿಮಾ. ಅಂಟುವ ರೋಗವಲ್ಲ. ಕೆಲವು ಮಕ್ಕಳ ಚರ್ಮ ಹುಟ್ಟಿನಿಂದಲೇ ತೇವವನ್ನು ಹಿಡಿದಿಡಲಾರದು. ವಂಶದಲ್ಲಿ ದಮ್ಮು, ಅಲರ್ಜಿ ಇದ್ದರೆ ಬರುವುದು ಹೆಚ್ಚು. ಡಾಕ್ಟರೇ ಪರೀಕ್ಷಿಸಿ ಇಂಥದ್ದು ಬಿಡಿ ಎಂದರೆ ಮಾತ್ರ ತಾಯಿ ಬಿಡಬೇಕು. ಸುಮ್ಮನೆ ಊಟ ಬಿಟ್ಟರೆ ಕೂಸಿನ ಮೈ ವಾಸಿಯಾಗದು, ತಾಯಿ ಬಡವಾಗುತ್ತಾಳೆ ಅಷ್ಟೇ.

ಟ್ಯೂಬು ನೋಡಿ ಅವರು ಹುಬ್ಬು ಗಂಟಿಕ್ಕಿದರು. ಅದರಲ್ಲಿದ್ದುದು ಜೋರಾದ ಸ್ಟೀರಾಯ್ಡ್. ಎಳೆ ಚರ್ಮವನ್ನು ತೆಳುವಾಗಿಸುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಸರ್ಕಾರ ನಿಯಮ ಮಾಡಿದೆ. ಅವರೇ ಸೌಮ್ಯವಾದ ಮುಲಾಮು ಬರೆದುಕೊಟ್ಟು, ಕೆಂಪಾದ ಕಡೆ ಮಾತ್ರ, ಹೇಳಿದಷ್ಟೇ ದಿನ ಹಚ್ಚಲು ಹೇಳಿದರು. ಸೇಂಗಾ ಎಣ್ಣೆಯೂ ಬೇಡವೆಂದರು. ಬಿರಿದ ಚರ್ಮಕ್ಕೆ ಅದನ್ನು ಹಚ್ಚಿದ ಮಕ್ಕಳಲ್ಲಿ ಮುಂದೆ ಸೇಂಗಾ ಅಲರ್ಜಿ ಹೆಚ್ಚೆಂದು 2003ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ತಿಳಿಸಿತ್ತಂತೆ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಮೊಣಕೈ ಅದ್ದಿ ನೋಡಿದ ಉಗುರುಬೆಚ್ಚಗಿನ ನೀರು. ಐದರಿಂದ ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಬೇಕು. ಕಡಲೆಹಿಟ್ಟು, ಸೀಗೆಪುಡಿ ತಿಕ್ಕುವಂತಿಲ್ಲ. ಬಟ್ಟೆಯಿಂದ ಒತ್ತಿ ಒರೆಸಿ, ಮೈ ಹಸಿಯಿರುವಾಗಲೇ ಡಾಕ್ಟರು ಹೇಳಿದ ಪರಿಮಳವಿಲ್ಲದ ಕ್ರೀಮು. ದಿನದಲ್ಲಿ ಇನ್ನೆರಡು ಮೂರು ಸಲ ಮತ್ತೆ. ಉಗುರು ಕತ್ತರಿಸಿರಬೇಕು. ನಮ್ಮ ಬೋರಿನ ಗಡಸು ನೀರಿನಲ್ಲಿ ಸೋಪು ಬೇಗ ಬಿಡುವುದಿಲ್ಲ, ಆದ್ದರಿಂದ ಕೂಸಿನ ಬಟ್ಟೆಯನ್ನು ಇನ್ನೊಂದು ಸಲ ಜಾಲಿಸುತ್ತೇವೆ. ಲೋಬಾನದ ಹೊಗೆ ನಿಲ್ಲಿಸಿದ್ದೇವೆ.

"ಐವತ್ತು ವರ್ಷದಿಂದ ಕೂಸುಗಳಿಗೆ ಎರದೀನಿ, ನನಗೇ ಹೇಳಾಕ ಬಂದ್ರಾ?" ಎಂದು ನಮ್ಮ ಅತ್ತೆ ಮೊದಲು ಗೊಣಗಿದರು. ವಾರ ಕಳೆದು ಕೂಸು ರಾತ್ರಿ ನಿದ್ದೆ ಮಾಡಿದ್ದು ಕಂಡು, ತಮ್ಮ ಹಳೆಯ ನೂಲಿನ ಸೀರೆಯನ್ನು ತಾವೇ ಹರಿದು ಮೆತ್ತನೆಯ ಹಾಸು ಮಾಡಿಕೊಟ್ಟರು. ಬೀಗಿತ್ತಿಯವರಿಗೂ ಡಾಕ್ಟರ ಮಾತನ್ನೆಲ್ಲಾ ಹೇಳಿದೆ. ಅಳಿಯಂದಿರಿಗೆ ಚಿಕ್ಕಂದಿನಲ್ಲಿ ದಮ್ಮು ಇತ್ತೆಂದು ಅವರೇ ನೆನಪಿಸಿಕೊಂಡರು. ಹಾಗೆಂದು ದೂರನ್ನು ಅತ್ತ ಹೊರಳಿಸುವ ಆಸೆ ನನಗಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ಹಡಗಲಿ ಮಲ್ಲಿಗೆಯ ಜೊತೆ ಒಂದು ಡಬ್ಬಿ ಬದನೆಕಾಯಿ ಎಣ್ಣೆಗಾಯಿ ಇತ್ತು. ಮಗಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಇಸುಬು ಪೂರ್ತಿ ಹೋಯಿತೆನ್ನಲಾರೆ. ಗಾಳಿ ಒಣಗಿದಾಗ ಮತ್ತೆ ತಲೆಯೆತ್ತುತ್ತದೆ, ಆರೈಕೆಗೆ ತಗ್ಗುತ್ತದೆ. ಬೆಳೆಯುತ್ತಾ ಹೆಚ್ಚಿನ ಮಕ್ಕಳಲ್ಲಿ ಕಡಿಮೆಯಾಗುತ್ತದಂತೆ. ಗಾಯದಲ್ಲಿ ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಿ. ಇನ್ನು ನಿಮ್ಮ ಮನೆಯ ಬಾಣಂತಿಗೆ ಹೊಟ್ಟೆ ತುಂಬಾ ಬಡಿಸಿ, ಧೈರ್ಯವಾಗಿ ಹಾಲೂಡಿಸು ಎನ್ನಿ.