ಮನೆಯೋ, ಛತ್ರವೋ?

ಹಾಸನದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಮಗಳ ಮನೆಗೆಂದು ಅಮೆರಿಕದ ಸ್ಯಾನ್ ಹೋಸೆಗೆ ಹೋಗಿದ್ದರು. ಬೇಸಿಗೆ ರಜೆಗೆ ಎಲ್ಲರೂ ಊರಿಗೆ ಹೊರಡುವ ಮಾತು ಬಂತು.

‘ಅಪ್ಪಾ, ಹತ್ತು ವಾರ ಮನೆಗೆ ಬೀಗ ಹಾಕೋ ಬದಲು ದಿನಬಾಡಿಗೆಗೆ ಕೊಟ್ಟರೆ ವಿಮಾನದ ಖರ್ಚಾದರೂ ಹುಟ್ಟುತ್ತೆ’ ಎಂದಳು ಮಗಳು.

‘ದೇವರ ಗೂಡಿರೋ ಮನೇನ ಛತ್ರ ಮಾಡ್ತೀಯೇನಮ್ಮಾ?’

‘ಅದಕ್ಕೂ ಇಲ್ಲಿ ಲೆಕ್ಕ ಇದೆ. ನಾವು ಮನೇಲಿ ಇಲ್ಲದಾಗ ವರ್ಷಕ್ಕೆ 180 ರಾತ್ರಿ ಮಾತ್ರ ಕೊಡಬಹುದು.’

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಗಾಬರಿ ಇಳಿಯಿತು. ತಮ್ಮ ವೀಸಾಕ್ಕೆ ಸಿಕ್ಕಿದ್ದೂ ಆರೇ ತಿಂಗಳು ಎಂದು ನಕ್ಕು, ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಪೆನ್ಸಿಲ್ ಹಿಡಿದರು.

ಅಕ್ಕಪಕ್ಕದ ಊರುಗಳನ್ನು ವಿಚಾರಿಸಿದಾಗ ಅವರಿಗೆ ಸೋಜಿಗವಾಯಿತು. ಸ್ಯಾನ್ ಹೋಸೆಯಲ್ಲಿ 180 ಇದ್ದದ್ದು, ಸುಮಾರು 80 ಕಿಲೋಮೀಟರ್ ಉತ್ತರದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ 90. ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲೂ 90. ಪಕ್ಕದಲ್ಲೇ ಇರುವ ಸನ್ನಿವೇಲ್‌ನಲ್ಲಿ ರಾತ್ರಿಗಳ ಲೆಕ್ಕದ ಗೊಡವೆಯೇ ಇಲ್ಲ. ಆದರೆ ಅತಿಥಿಗಳಿರುವ ದಿನ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮನೆಯವರೂ ಅಲ್ಲೇ ಇರಬೇಕು. ಬೀಗದ ಕೈ ಕೊಟ್ಟು ಊರಿಗೆ ಹೊರಡುವ ಹಾಗಿಲ್ಲ!

ಈ 90 ಎಲ್ಲಿಂದ ಬಂತು? ಮಕ್ಕಳೂ ಪೆನ್ಸಿಲ್ ಹಿಡಿಯಬಹುದು. 365ರಲ್ಲಿ 90 ಕಳೆದರೆ 275. ವರ್ಷಕ್ಕೆ ಕನಿಷ್ಠ 275 ರಾತ್ರಿ ಮನೆಯವರು ಆ ಮನೆಯಲ್ಲೇ ವಾಸವಿರಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋದ ಕಾನೂನು ಹೇಳುತ್ತದೆ. ಮನೆಯವರು ಜೊತೆಯಲ್ಲೇ ಇದ್ದು ಒಂದು ಕೋಣೆ ಕೊಟ್ಟರೆ ಆ ರಾತ್ರಿಗಳಿಗೆ ಮಿತಿಯಿಲ್ಲ. ಅಂದರೆ ಕಾನೂನು ನಿಜವಾಗಿ ಎಣಿಸುತ್ತಿರುವುದು ಅತಿಥಿಯ ನಿದ್ದೆಯನ್ನಲ್ಲ, ಯಜಮಾನನ ನಿದ್ದೆಯನ್ನು.

ಈ ವ್ಯಾಪಾರ ಹುಟ್ಟಿದ್ದೂ ಅದೇ ಊರಿನಲ್ಲಿ. 2007ರಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಯುವಕರು ಸಮ್ಮೇಳನವೊಂದಕ್ಕೆ ಬಂದವರಿಗೆ ಗಾಳಿ ತುಂಬಿದ ಹಾಸಿಗೆ ಹಾಸಿಕೊಟ್ಟರು. ಏರ್‌ಬಿಎನ್‌ಬಿ ಬೆಳೆದದ್ದು ಅಲ್ಲಿಂದ. ಬಾಡಿಗೆಗೆ ಪರದಾಡುವವರಿಗೆ ಆಸರೆಯಾಗಿ ಹುಟ್ಟಿದ್ದು, ಕ್ರಮೇಣ ಬಾಡಿಗೆ ಮನೆಗಳಿಗೇ ಮುಳುವಾಗುತ್ತಿದೆ ಎಂಬ ದೂರು ಎದ್ದಿತು. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆ ಲಾಭವೆಂದು ಕಂಡ ಮಾಲೀಕ ಸಂಸಾರಸ್ಥರಿಗೆ ಮನೆ ಕೊಡುವುದುಂಟೆ? 90 ರಾತ್ರಿಗಳ ಕಾನೂನು 2015ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅದೇ ನವೆಂಬರಿನಲ್ಲಿ ಮಿತಿಯನ್ನು 75ಕ್ಕೆ ಇಳಿಸುವ ಪ್ರಸ್ತಾಪ ಜನರ ಮತಕ್ಕೆ ಹೋಗಿ ಸೋತಿತು. ಅದನ್ನು ಸೋಲಿಸಲು ಕಂಪನಿ ಸುಮಾರು 80 ಲಕ್ಷ ಡಾಲರ್ ಸುರಿದಿತ್ತು. ಹದಿನೈದು ರಾತ್ರಿಗಳಿಗೆ ಅಷ್ಟು ದುಡ್ಡು!

ಮಿತಿ ಹಾಕುವುದು ಸುಲಭ, ಎಣಿಸುವವರು ಯಾರು? ಯಜಮಾನ ಮನೆಯಲ್ಲಿ ಮಲಗಿದ್ದನೋ ಇಲ್ಲವೋ ಎಂದು ರಾತ್ರಿ ಕದ ತಟ್ಟಿ ನೋಡಲಾದೀತೆ? ಅದಕ್ಕೇ ನಗರ ನೋಂದಣಿಯನ್ನು ಬಿಗಿಮಾಡಿತು. 2017ರಲ್ಲಿ ಕೋರ್ಟಿನ ವ್ಯಾಜ್ಯ ರಾಜಿಯಾಗಿ, ನೋಂದಣಿಯಿಲ್ಲದ ಮನೆಗಳನ್ನು ಪಟ್ಟಿಯಿಂದ ತೆಗೆಯಲು ಕಂಪನಿ ಒಪ್ಪಿತು. 2018ರ ಜನವರಿಯ ಹೊತ್ತಿಗೆ ಪಟ್ಟಿಯಲ್ಲಿದ್ದ ಸಾವಿರಾರು ಮನೆಗಳು, ಹೆಚ್ಚುಕಡಿಮೆ ಅರ್ಧದಷ್ಟು, ಮಾಯವಾದವು.

ಮೇಷ್ಟ್ರು ಮಗಳ ರಜೆ ಲೆಕ್ಕ ಹಾಕಿದರು. ಹತ್ತು ವಾರವೆಂದರೆ 70 ರಾತ್ರಿ. 180ರ ಒಳಗೇ ಇದೆ, ಅಡ್ಡಿಯಿಲ್ಲ. ಆದರೂ ಅವರ ಮುಖ ಅರಳಲಿಲ್ಲ.

‘ನಿನ್ನ ಆಫೀಸಿಗೆ ಮೈಸೂರಿಂದ ಹೊಸದಾಗಿ ಬಂದ ಹುಡುಗ ಮನೆ ಹುಡುಕ್ತಿದಾನೆ ಅಂದಿದ್ದೆಯಲ್ಲಮ್ಮಾ, ಸಿಕ್ಕಿತೇ?’

‘ಎಲ್ಲಿ ಅಪ್ಪಾ! ಇನ್ನೂ ಯಾರದೋ ಸೋಫಾದ ಮೇಲೆ ಮಲಗ್ತಿದಾನೆ.’

‘ಅವನಿಗೇ ಕೊಟ್ಟರೆ?’

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ದಿನಬಾಡಿಗೆಯಷ್ಟು ಹುಟ್ಟುವುದಿಲ್ಲ, ನಿಜ. ಆದರೆ 30 ದಿನ ಮೀರಿ ಒಬ್ಬನೇ ಇದ್ದರೆ ಅವನು ಅತಿಥಿಯಲ್ಲ, ಬಾಡಿಗೆದಾರ. 180ರ ಲೆಕ್ಕಕ್ಕೆ ಅವನು ಬರುವುದೇ ಇಲ್ಲ.

ಜೂನ್‌ನಲ್ಲಿ ಹುಡುಗ ಎರಡು ಸೂಟ್‌ಕೇಸ್ ಹಿಡಿದು ಬಂದ. ಮೇಷ್ಟ್ರು ಬೀಗದ ಕೈ ಕೊಟ್ಟು, ಹಿತ್ತಿಲಿನ ಕರಿಬೇವಿನ ಕುಂಡ ತೋರಿಸಿ, ‘ದಿನಾ ಒಂದು ಚೊಂಬು ನೀರು ಹಾಕಪ್ಪ, ಮರೀಬೇಡ’ ಎಂದರು.