ಬಂದರೆ, ಇದ್ದಿದ್ದರೆ

ಸ್ಪ್ಯಾನಿಷ್ ಕಲಿಯುವವರನ್ನು ಕೇಳಿ ನೋಡಿ, ಹೆಚ್ಚಿನವರು ಹೆದರುವುದು ಒಂದೇ ಪಾಠಕ್ಕೆ. ಇಲ್ಲದ್ದನ್ನು 'ಇದ್ದರೆ' ಎಂದು ಊಹಿಸಿ ಹೇಳುವ ಕ್ರಿಯಾಪದದ ರೂಪ ಅದು. ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅಂತ ಹೆಸರು. ಹೆಸರು ಕೇಳಿದರೇ ಜ್ವರ ಬರಬೇಕು! ನಾನು ಸಾಫ್ಟ್‌ವೇರ್ ಎಂಜಿನಿಯರ್. ಕಲಬುರಗಿಯ ಮನೆಯಿಂದಲೇ ಮೆಕ್ಸಿಕೋದ ತಂಡದ ಜೊತೆ ಕೆಲಸ. ಹಾಗಾಗಿ ಈ ಭಾಷೆ ಗಂಟುಬಿತ್ತು.

ನಿಯಮ ಮಾತ್ರ ನಾವು ಬರೆಯುವ ಕೋಡ್‌ಗಿಂತ ಚೊಕ್ಕ. ಭೂತಕಾಲದ 'ಅವರು' ರೂಪ ತಗೊಂಡು, ಕೊನೆಯ 'ರೋನ್' ತೆಗೆದು 'ರಾ' ಹಚ್ಚಬೇಕು. ಬಿನ್ಯೆರೋನ್ ಅಂದರೆ ಬಂದರು, ಬಿನ್ಯೆರಾ ಅಂದರೆ ಬಂದರೆ. ಫ್ವೆರೋನ್ ಅಂದರೆ ಹೋದರು, ಫ್ವೆರಾ ಅಂದರೆ ಹೋದರೆ. ಒಂದೂ ಅಪವಾದವಿಲ್ಲ.

ವಹಿಯಲ್ಲಿ ಎರಡೂ ಭಾಷೆ ಪಕ್ಕಪಕ್ಕ ಬರೆದಾಗ ನಗು ಬಂತು. ನಮ್ಮದೂ ಹಾಗೇ ಅಲ್ವಾ? ಬಂದರು, ಬಂದರೆ. ತಿಂದರು, ತಿಂದರೆ. 'ರು' ಹೋಗಿ 'ರೆ' ಬಂತು, ಅಷ್ಟೇ. ಅಕ್ಷರ ಹೊಂದಿದ್ದು ಕಾಕತಾಳೀಯ. ಆದರೆ ಆಗದ ಮಾತನ್ನು ಹೇಳಲಿಕ್ಕೂ ಎರಡು ಭಾಷೆಗಳೂ ಆಗಿಹೋದ ಕಾಲದ ರೂಪವನ್ನೇ ಹಿಡಿಯುತ್ತವೆ. ಅವರು ನಾನು, ನೀನು, ನಾವು ಅಂತ ಬಾಲ ಬದಲಿಸುತ್ತಾರೆ. ನಮಗೆ ಎಲ್ಲರಿಗೂ ಒಂದೇ 'ಬಂದರೆ', ಮೀಸೆ ಬಂದರೆ ಚಿಕ್ಕಪ್ಪ ಆಗುವ ಚಿಕ್ಕಮ್ಮನಿಗೂ!

ಒಂದು ವ್ಯತ್ಯಾಸ ಇದೆ. ಆಗಬಹುದಾದದ್ದಕ್ಕೆ ಸ್ಪ್ಯಾನಿಷ್‌ನವರು ಈ ರೂಪ ಮುಟ್ಟುವುದಿಲ್ಲ, ಸಾದಾ ವರ್ತಮಾನಕಾಲ ಸಾಕು. ನಮ್ಮಲ್ಲಿ ವಾಕ್ಯದ ಕೊನೆ ನೋಡಬೇಕು. 'ದುಡ್ಡು ಇದ್ದರೆ ಕೊಡ್ತೀನಿ' ಅಂದರೆ ಆಸೆ ಇದೆ. 'ಇದ್ದರೆ ಕೊಡ್ತಿದ್ದೆ' ಅಂದರೆ ಜೇಬು ಖಾಲಿ. 'ಇದ್ದಿದ್ದರೆ' ಅಂದರೆ ಬಾಗಿಲು ಮುಚ್ಚಿ ಅಗಳಿ ಹಾಕಿ ಆಯಿತು.

ಈ ಪಾಠ ಆದ ಮೇಲೆ ಅವ್ವನ ಮಾತು ನನಗೆ ಬೇರೆಯೇ ಕೇಳತೊಡಗಿತು. ಅವ್ವ ಇರುವುದು ಕಮಲಾಪುರದಲ್ಲಿ, ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಊರಿನಲ್ಲಿ. ಅಪ್ಪ ಹಚ್ಚಿದ ಬಾಳೆ ತೋಟ ಇದೆ, ಅಪ್ಪ ಇಲ್ಲ. "ನಿಮ್ಮಪ್ಪ ಇದ್ದಿದ್ರ ಗೊನಿ ಹಿಂಗ ಸಣ್ಣ ಆಗ್ತಿದ್ದಿಲ್ಲ" ಅಂತ ಫೋನಿನಲ್ಲಿ ಅನ್ನುತ್ತಿದ್ದಳು. ಅಗಳಿ ಹಾಕಿದ ಆ ಬಾಗಿಲಿನ ಮುಂದೆ ನಾನೇನು ಹೇಳಲಿ?

ತೋಟ ಲಾವಣಿಗೆ ಕೊಡೋಣ ಅಂತ ನಾನೂ ತಮ್ಮನೂ ಮಾತಾಡಿಕೊಂಡೆವು. ಅವ್ವನಿಗೆ ಹೇಳಿದಾಗ ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ವಾರಕ್ಕೊಮ್ಮಿ ಬಂದ್ರ ತೋಟ ನಾ ನೋಡ್ಕೋತೀನಿ" ಅಂದಳು.

'ನೋಡ್ಕೋತಿದ್ದೆ' ಅನ್ನಲಿಲ್ಲ, 'ನೋಡ್ಕೋತೀನಿ' ಅಂದಳು. ಸ್ಪ್ಯಾನಿಷ್‌ನಲ್ಲಾದರೆ ಈ ಮಾತಿಗೆ ಸಾದಾ ವರ್ತಮಾನಕಾಲವೇ ಸಾಕಿತ್ತು.

ಹುಮನಾಬಾದ್ ಬಸ್ ಹತ್ತಿದರೆ ಕಮಲಾಪುರ ಸುಮಾರು ಒಂದು ತಾಸಿನ ದಾರಿ. ಈಗ ಪ್ರತಿ ಶನಿವಾರ ಹೋಗುತ್ತೇನೆ. ಹೊಸದಾಗಿ ಹಚ್ಚಿದ ಕೆಂಪು ಬಾಳೆ ಕೈಗೆ ಬರಲು ವರ್ಷಕ್ಕಿಂತ ಹೆಚ್ಚು ಬೇಕು. ಅಲ್ಲಿಯವರೆಗೆ ಲಾವಣಿಯ ಮಾತಿಲ್ಲ.

ನಿಮ್ಮ ಮನೆಯ ಹಿರಿಯರು ಫೋನ್ ಮಾಡಿದರೆ, ವಾಕ್ಯದ ಕೊನೆಯ ತನಕ ಕೇಳಿ.